ಪೆಟ್ರೋಲ್ ವಿಮಾನ ಕಟ್ಟುವ ಕೈಗಳು ಇಲ್ಲೇ ಇವೆ

ಸಿಂಧನೂರಿನ ಭತ್ತದ ಗದ್ದೆಗಳಲ್ಲಿ ಬೆನ್ನಿಗೇರಿಸಿಕೊಂಡು ಎಣ್ಣೆ ಹೊಡೆಯುವ ಪವರ್ ಪಂಪು ಎಲ್ಲರಿಗೂ ಗೊತ್ತು. ಹಗ್ಗ ಜಗ್ಗಿದರೆ ಶುರುವಾಗುವ, ಪೆಟ್ರೋಲಿಗೆ ಟೂ ಟಿ ಆಯಿಲ್ ಬೆರೆಸಿ ಹಾಕುವ ಒಂಟಿ ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್ ಅದು. ಪ್ಲಗ್ ಕಪ್ಪಾದರೆ ಬಿಚ್ಚಿ ಒರೆಸುವುದು, ಕಾರ್ಬೊರೇಟರ್ ಕಟ್ಟಿಕೊಂಡರೆ ಊದಿ ಸರಿಮಾಡುವುದು ಇಲ್ಲಿನ ಹುಡುಗರಿಗೆ ಯಾರೂ ಕಲಿಸದೆ ಬಂದ ವಿದ್ಯೆ. ಇದೇ ಕುಲದ ಎಂಜಿನ್ನೊಂದು ಎಂಟು ಕಿಲೋ ತೂಕದ, ಎರಡು ಮೀಟರಿಗೂ ಮಿಕ್ಕಿದ ರೆಕ್ಕೆಯ ವಿಮಾನವನ್ನು ಆಕಾಶಕ್ಕೆ ಎಳೆದೊಯ್ಯುತ್ತದೆ. ಒಳಗೆ ಪೈಲಟ್ ಇರುವುದಿಲ್ಲ. ನೆಲದ ಮೇಲೆ ರೇಡಿಯೊ ಹಿಡಿದು ನಿಂತವರೇ ಪೈಲಟ್. ಇಂಥ ವಿಮಾನ ಹೇಗೆ ಕಟ್ಟುತ್ತಾರೆ, ಅದರೊಳಗೆ ಏನೇನು ಕೂಡಿಸುತ್ತಾರೆ ಎಂಬುದನ್ನು ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಓದುಗರಿಗೆ ಬಿಡಿಸಿ ಹೇಳಬೇಕೆಂಬುದು ಈ ವಾರದ ಆಸೆ. ಈ ಕೆಲಸಕ್ಕೆ ಬೇಕಾದ ಕಸುಬಿನ ಅರ್ಧ ಭಾಗ ನಮ್ಮ ಗ್ಯಾರೇಜುಗಳಲ್ಲಿ ಆಗಲೇ ಇದೆ ಎಂಬುದು ನನ್ನ ನಂಬಿಕೆ.

ಇದು ಆಟಿಕೆಯಲ್ಲ. ಹವ್ಯಾಸಿಗಳ ರೂಢಿಯಲ್ಲಿ ಒಂಟಿ ರೆಕ್ಕೆಯ ಮಾದರಿ 80 ಇಂಚು, ಅಂದರೆ ಸುಮಾರು ಎರಡು ಮೀಟರ್ ದಾಟಿದರೆ ಅದು ‘ದೈತ್ಯ’ ವರ್ಗ. ಜೋಡಿ ರೆಕ್ಕೆಯದ್ದಾದರೆ 60 ಇಂಚು ಸಾಕು. ಎಂಟು ಕಿಲೋ ತೂಕದ ವಿಮಾನ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಬರುತ್ತಿದ್ದರೆ, 75 ಕಿಲೋ ಭತ್ತದ ಚೀಲ ನಾಲ್ಕು ಮೀಟರಿಗೂ ಹೆಚ್ಚು ಎತ್ತರದಿಂದ ಬಿದ್ದಷ್ಟು ಹೊಡೆತ ಅದರೊಳಗಿರುತ್ತದೆ. 22 ಇಂಚಿನ ಪ್ರೊಪೆಲ್ಲರ್ ನಿಮಿಷಕ್ಕೆ 7000 ಸುತ್ತು ತಿರುಗಿದಾಗ ಅದರ ತುದಿಯ ವೇಗ ಗಂಟೆಗೆ 700 ಕಿಲೋಮೀಟರ್ ಮೀರುತ್ತದೆ. ಮುಂದೆ ಹೇಳುವ ಎಲ್ಲ ಎಚ್ಚರಿಕೆಗಳ ಹಿಂದೆ ಈ ಲೆಕ್ಕವಿದೆ.

ಹಾಗಾದರೆ ಪೆಟ್ರೋಲೇ ಯಾಕೆ? ಈಗ ಗದ್ದೆಯ ಮೇಲೆ ಹಾರುವ ಡ್ರೋನುಗಳು ಬ್ಯಾಟರಿಯಲ್ಲೇ ನಡೆಯುತ್ತವಲ್ಲ? ನಡೆಯುತ್ತವೆ, ಆದರೆ ಕೆಲವೇ ನಿಮಿಷ. ಒಂದು ಕಿಲೋ ಪೆಟ್ರೋಲಿನಲ್ಲಿರುವ ಶಕ್ತಿ ಒಂದು ಕಿಲೋ ಲಿಥಿಯಂ ಬ್ಯಾಟರಿಯಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಅದರಲ್ಲಿ ಬಹುಪಾಲು ಬಿಸಿಯಾಗಿ ಹೊರಹೋದರೂ ಅರ್ಧ ಲೀಟರಿನ ಟ್ಯಾಂಕು 55 ಸಿಸಿ ಎಂಜಿನ್ನನ್ನು ಹತ್ತು ಹದಿನೈದು ನಿಮಿಷ ಓಡಿಸುತ್ತದೆ. ಇಳಿಸಿ, ಮತ್ತೆ ತುಂಬಿಸಿ, ಎರಡೇ ನಿಮಿಷದಲ್ಲಿ ಮತ್ತೆ ಏರಿಸಬಹುದು. ಹಿಂದೆ ಮಾದರಿ ವಿಮಾನಗಳೆಂದರೆ ಹೆಚ್ಚಾಗಿ ಮೆಥನಾಲ್, ಎಣ್ಣೆ, ನೈಟ್ರೊಮೀಥೇನ್ ಬೆರೆಸಿದ ದುಬಾರಿ ಇಂಧನದ ಗ್ಲೋ ಎಂಜಿನ್‌ಗಳೇ ಆಗಿದ್ದವು. 1970ರ ದಶಕದಲ್ಲಿ ಮರ ಕೊಯ್ಯುವ ಗರಗಸ, ಕಳೆ ಕತ್ತರಿಸುವ ಯಂತ್ರಗಳ ಪೆಟ್ರೋಲ್ ಎಂಜಿನ್ನನ್ನು ಬಿಚ್ಚಿ ವಿಮಾನದ ಮೂಗಿಗೆ ಕೂಡಿಸುವ ಪ್ರಯತ್ನಗಳು ಗಟ್ಟಿಯಾದವು. ‘ಕ್ವಾಡ್ರಾ’ ಎಂಬ ಎಂಜಿನ್ ಹೆಸರಾದದ್ದು ಆಗ. ಜಪಾನಿನ ‘ಜೆನೋವಾ’ ಕಂಪನಿ ಕಳೆ ಯಂತ್ರದ ಎಂಜಿನ್‌ಗಳ ಜೊತೆಜೊತೆಗೇ ಜಿ-62ರಂಥ ವಿಮಾನದ ಎಂಜಿನ್ನುಗಳನ್ನೂ ಮಾಡಿತು. ಹೊಲದ ಎಂಜಿನ್ನೇ ಹಾರುವುದನ್ನು ಕಲಿತದ್ದು ಎಂದರೆ ಉತ್ಪ್ರೇಕ್ಷೆಯಲ್ಲ, ಇತಿಹಾಸ.

ಇಂದಿನ ಎಂಜಿನ್ನುಗಳು ಇದಕ್ಕೆಂದೇ ತಯಾರಾದವು. 55 ಸಿಸಿ ವರ್ಗದ್ದು ಸೈಲೆನ್ಸರ್ ಬಿಟ್ಟರೆ ಒಂದೂವರೆ ಕಿಲೋದೊಳಗೇ ತೂಗಿ, ಐದು ಅಶ್ವಶಕ್ತಿಯ ಆಸುಪಾಸು ಕೊಡುತ್ತದೆ. ಎಣ್ಣೆ ಪಂಪಿನ ಎಂಜಿನ್ನಿಗಿಂತ ಇದು ಎಲ್ಲಿ ಬೇರೆ? ಪಂಪಿನಲ್ಲಿ ಭಾರದ ಫ್ಲೈವ್ಹೀಲ್ ಇದೆ, ಅದರಲ್ಲೇ ಮ್ಯಾಗ್ನೆಟೊ ಇದೆ, ತಂಪಿಗೆ ಫ್ಯಾನು ಇದೆ, ಜಗ್ಗಲು ಹಗ್ಗ ಇದೆ. ವಿಮಾನದ ಎಂಜಿನ್ನಿನಲ್ಲಿ ಇವೊಂದೂ ಇಲ್ಲ. ಪ್ರೊಪೆಲ್ಲರೇ ಫ್ಲೈವ್ಹೀಲು, ಪ್ರೊಪೆಲ್ಲರೇ ಫ್ಯಾನು. ಕಿಡಿ ಕೊಡುವುದು ಬ್ಯಾಟರಿಯಿಂದ ನಡೆಯುವ ಎಲೆಕ್ಟ್ರಾನಿಕ್ ಇಗ್ನಿಷನ್ ಪೆಟ್ಟಿಗೆ. ಪ್ರೊಪೆಲ್ಲರ್ ಹಬ್ಬಿನೊಳಗೆ ಕಾಳಿನಷ್ಟು ಅಯಸ್ಕಾಂತ ಕೂತಿರುತ್ತದೆ. ಅದು ಸೆನ್ಸರಿನ ಮುಂದೆ ಹಾದಾಗಲೆಲ್ಲ ಪ್ಲಗ್ಗಿಗೆ ಕಿಡಿ. ಉಳಿದದ್ದು, ಅಂದರೆ ಡಯಾಫ್ರಾಮಿನ ಕಾರ್ಬೊರೇಟರ್, ಅದರ ಹೈ ಮತ್ತು ಲೋ ಎಂಬ ಎರಡು ಸೂಜಿ, ಚೋಕು, ನಮ್ಮ ಮೆಕ್ಯಾನಿಕ್ಕಿಗೆ ಕಣ್ಣು ಮುಚ್ಚಿಕೊಂಡರೂ ಗೊತ್ತಾಗುವಂಥದ್ದು.

ಇನ್ನು ಮೈ. ಬಾಲ್ಸಾ ಎಂಬ ಹಗುರ ಮರ, ತೆಳು ಪ್ಲೈವುಡ್, ಎಪಾಕ್ಸಿ ಅಂಟು, ರೆಕ್ಕೆಗಳನ್ನು ದೇಹಕ್ಕೆ ಕೂಡಿಸುವ ಕಾರ್ಬನ್ ಅಥವಾ ಅಲ್ಯೂಮಿನಿಯಂ ಕೊಳವೆ, ಮೇಲೆ ಇಸ್ತ್ರಿಯಿಂದ ಅಂಟಿಸುವ ಬಣ್ಣದ ಪ್ಲಾಸ್ಟಿಕ್ ಪೊರೆ. ಬಾಲ್ಸಾ ಹೆಚ್ಚಾಗಿ ಬರುವುದು ದಕ್ಷಿಣ ಅಮೆರಿಕದ ಈಕ್ವೆಡಾರಿನಿಂದ, ಹಾಗಾಗಿ ಇಲ್ಲಿ ಅದರ ಬೆಲೆ ಹೆಚ್ಚು. ಥರ್ಮಾಕೋಲ್ ಗಟ್ಟಿಯನ್ನು ಕಾದ ನಿಕ್ರೋಮ್ ತಂತಿಯಿಂದ ರೆಕ್ಕೆಯ ಆಕಾರಕ್ಕೆ ಕೊಯ್ದು, ಮೇಲೆ ತೆಳು ಮರದ ಹಾಳೆ ಅಂಟಿಸುವುದು ಅಗ್ಗದ ದಾರಿ, ಒಳ್ಳೆಯ ದಾರಿಯೂ ಹೌದು. ಒಂದು ಎಚ್ಚರಿಕೆ ಮಾತ್ರ: ಪೆಟ್ರೋಲ್ ತಾಗಿದರೆ ಥರ್ಮಾಕೋಲ್ ಕರಗಿಹೋಗುತ್ತದೆ. ಟ್ಯಾಂಕಿನ ಸಣ್ಣ ಸೋರಿಕೆ ಹೊರಗಿನಿಂದ ಏನೂ ಕಾಣದಂತೆ ರೆಕ್ಕೆಯನ್ನು ಒಳಗಿಂದ ತಿಂದುಬಿಡುತ್ತದೆ.

ಮೈ ಕಟ್ಟುವುದು ತಾಳ್ಮೆಯ ಕೆಲಸ, ಆದರೆ ಅದು ಕಷ್ಟದ ಕೆಲಸವಲ್ಲ. ಹಾರಲೆಂದು ಏರಿದ ವಿಮಾನ ಮಣ್ಣಿಗೆ ಮರಳುವುದು ಹೆಚ್ಚಾಗಿ ಮರ ಮುರಿದು ಅಲ್ಲ. ಒಂದು ನಟ್ಟು ಸಡಿಲಾಗಿ, ಒಂದು ಕೊಳವೆ ಬಿರುಕುಬಿಟ್ಟು, ಒಂದು ತಂತಿ ಕಳಚಿಕೊಂಡು. ಒಂಟಿ ಸಿಲಿಂಡರಿನ ಎಂಜಿನ್ ನಡುಗುತ್ತದೆ, ಆ ನಡುಕ ವಿಮಾನದ ಒಂದೊಂದು ಬೋಲ್ಟನ್ನೂ ಪರೀಕ್ಷಿಸುತ್ತದೆ. ಆದ್ದರಿಂದ ನನ್ನ ಮಟ್ಟಿಗೆ ವಿಮಾನ ನಿಜವಾಗಿ ಹುಟ್ಟುವುದು ಫಿಟಿಂಗ್ ಮಾಡುವಾಗ.

ಎಂಜಿನ್ ಕೂರುವುದು ಫೈರ್‌ವಾಲ್ ಎಂಬ ದಪ್ಪ ಪ್ಲೈವುಡ್ಡಿನ ಗೋಡೆಯ ಮೇಲೆ. ಅದಕ್ಕೆ ಎಪಾಕ್ಸಿ ಬಳಿದು ಎಣ್ಣೆ ಹೀರದಂತೆ ಮಾಡಬೇಕು. ಎಂಜಿನ್ನನ್ನು ನೇರಕ್ಕೆ ಕೂರಿಸುವಂತಿಲ್ಲ; ಎರಡು ಮೂರು ಡಿಗ್ರಿ ಬಲಕ್ಕೆ ತಿರುಗಿಸಿ ಕೂರಿಸುತ್ತಾರೆ. ತಿರುಗುವ ಪ್ರೊಪೆಲ್ಲರ್ ವಿಮಾನವನ್ನು ಎಡಕ್ಕೆ ಎಳೆಯುವುದರಿಂದ ಈ ಓರೆ ಬೇಕು. ಪ್ರತಿ ಬೋಲ್ಟಿಗೂ ಥ್ರೆಡ್ ಲಾಕ್ ಹನಿ ಹಾಕಲೇಬೇಕು. ಹಾರಾಟಕ್ಕೆ ಮುನ್ನ ಸ್ಪ್ಯಾನರ್ ಹಿಡಿದು ಪ್ರೊಪೆಲ್ಲರಿನ ಬೋಲ್ಟುಗಳನ್ನು ಒಂದೊಂದಾಗಿ ನೋಡುವ ಅಭ್ಯಾಸ ಇಲ್ಲದವರು ಈ ಕೆಲಸಕ್ಕೆ ಕೈ ಹಾಕಬಾರದು.

ಟ್ಯಾಂಕನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕೆಂದರೆ ಹೊಸಬರು ಎಡವುವುದು ಇಲ್ಲೇ. ನೆಲದ ಮೇಲಿನ ಯಂತ್ರದ ಟ್ಯಾಂಕಿಗೆ ತಳ ಯಾವಾಗಲೂ ತಳವೇ. ವಿಮಾನ ಮಗುಚಿ ಹಾರುತ್ತದೆ, ಮೂಗು ಮೇಲೆತ್ತಿ ಏರುತ್ತದೆ, ಆಗ ತಳವೇ ಮೇಲಾಗುತ್ತದೆ. ಅದಕ್ಕಾಗಿ ಟ್ಯಾಂಕಿನ ಒಳಗೆ ಮೆತ್ತನೆಯ ಕೊಳವೆಯ ತುದಿಗೆ ಭಾರದ ಗುಂಡೊಂದನ್ನು ಕಟ್ಟಿರುತ್ತಾರೆ. ಇದಕ್ಕೆ ‘ಕ್ಲಂಕ್’ ಎನ್ನುತ್ತಾರೆ. ಪೆಟ್ರೋಲ್ ಎತ್ತ ಹೋಗುತ್ತದೋ ಗುಂಡೂ ಅತ್ತ ಹೋಗುತ್ತದೆ, ಕೊಳವೆಯ ಬಾಯಿ ಇಂಧನದಲ್ಲಿ ಮುಳುಗಿಯೇ ಇರುತ್ತದೆ. ಕೊಳವೆ ತುಸು ಉದ್ದವಾದರೆ ಗುಂಡು ಹಿಂದಿನ ಗೋಡೆಗೆ ಸಿಕ್ಕಿಕೊಳ್ಳುತ್ತದೆ. ಗಿಡ್ಡವಾದರೆ ಮೂಲೆ ಮುಟ್ಟುವುದಿಲ್ಲ. ಟ್ಯಾಂಕನ್ನು ಕೈಯಲ್ಲಿ ಹಿಡಿದು ತಿರುಗಿಸಿದಾಗ ಗುಂಡು ಟಕ್ ಟಕ್ ಎಂದು ಎಲ್ಲ ಕಡೆ ಸಲೀಸಾಗಿ ಬಿದ್ದರೆ ಅಳತೆ ಸರಿ. ಒಂದು ಕೊಳವೆ ಕಾರ್ಬೊರೇಟರಿಗೆ, ಒಂದು ಗಾಳಿ ಆಡಲು, ಮೂರನೆಯದು ತುಂಬಿಸಲು. ಮೆಥನಾಲಿಗೆ ಬಳಸುವ ಸಿಲಿಕಾನ್ ಕೊಳವೆ ಇಲ್ಲಿ ನಡೆಯುವುದಿಲ್ಲ, ಪೆಟ್ರೋಲಿನಲ್ಲಿ ಅದು ಊದಿಕೊಂಡು ಮೆತ್ತಗಾಗಿ ಕಳಚಿಕೊಳ್ಳುತ್ತದೆ. ಪೆಟ್ರೋಲಿಗೆಂದೇ ಇರುವ ಹಳದಿ ಬಣ್ಣದ ಟೈಗಾನ್ ಕೊಳವೆ ಬೇಕು. ಕಾಲ ಕಳೆದಂತೆ ಅದೂ ಸೆಟೆದು ಬಿರುಸಾಗುತ್ತದೆ, ಆಗ ಬದಲಿಸಬೇಕು.

ಈಗ ಪಂಪಿನಲ್ಲಿ ಇಲ್ಲದ ತೊಂದರೆಯೊಂದಿದೆ. ಇಗ್ನಿಷನ್ ಪೆಟ್ಟಿಗೆ ಸಾವಿರಾರು ವೋಲ್ಟಿನ ಕಿಡಿ ಹುಟ್ಟಿಸುತ್ತದೆ. ಪ್ರತಿ ಕಿಡಿಯೂ ಸಣ್ಣದೊಂದು ರೇಡಿಯೊ ಗದ್ದಲ. ಅದೇ ವಿಮಾನದಲ್ಲಿ ಇನ್ನೊಂದು ಕಡೆ ನಮ್ಮ ಆಜ್ಞೆ ಕೇಳಿಸಿಕೊಳ್ಳುವ ರಿಸೀವರ್ ಕೂತಿದೆ. ಇವೆರಡನ್ನೂ ಕನಿಷ್ಠ 30 ಸೆಂಟಿಮೀಟರ್ ದೂರ ಇಡುವುದು ಅನುಭವಿಗಳ ಕಟ್ಟುನಿಟ್ಟು. ಇಗ್ನಿಷನ್ನಿಗೆ ಒಂದು ಬ್ಯಾಟರಿ, ರಿಸೀವರ್ ಮತ್ತು ಸರ್ವೊಗಳಿಗೆ, ಅಂದರೆ ರೆಕ್ಕೆ ಮತ್ತು ಬಾಲದ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟಾರುಗಳಿಗೆ, ಬೇರೆಯೇ ಬ್ಯಾಟರಿ. ಕಾರ್ಬೊರೇಟರಿನ ಥ್ರಾಟಲ್ ಎಳೆಯುವ ಕಡ್ಡಿ ಲೋಹದ್ದಾಗಿರಬಾರದು, ನೈಲಾನಿನದಾಗಿರಬೇಕು. ಇಲ್ಲದಿದ್ದರೆ ಗದ್ದಲ ಆ ಕಡ್ಡಿಗುಂಟ ಹರಿದು ಸರ್ವೊ ತನಕ ಬರುತ್ತದೆ. ಈಗಿನ 2.4 ಗಿಗಾಹರ್ಟ್ಸ್ ರೇಡಿಯೊಗಳು ಹಳೆಯ ಸೆಟ್ಟುಗಳಿಗಿಂತ ಈ ಗದ್ದಲಕ್ಕೆ ಬಹಳ ಕಡಿಮೆ ಬಗ್ಗುತ್ತವೆ, ನಿಜ. ಹಾಗೆಂದು ಶಿಸ್ತು ಬಿಡಬಾರದು.

ಎಂಜಿನ್ ನಿಲ್ಲಿಸುವ ದಾರಿ ಎರಡಿರಬೇಕು. ವಿಮಾನದ ಮೈಮೇಲೆ ಒಂದು ಸ್ವಿಚ್ಚು. ಜೊತೆಗೆ ಕೈಯಲ್ಲಿರುವ ಟ್ರಾನ್ಸ್‌ಮಿಟರಿನ ಒಂದು ಬೆರಳಾಟದಲ್ಲಿ ಇಗ್ನಿಷನ್ ಕಡಿಯುವ ಕಿಲ್ ಸ್ವಿಚ್. ರೇಡಿಯೊ ಸಂಪರ್ಕ ತಪ್ಪಿದರೆ ಎಂಜಿನ್ ತಾನಾಗಿ ಐಡಲ್‌ಗೆ ಇಳಿಯುವಂತೆ ಅಥವಾ ನಿಲ್ಲುವಂತೆ ಫೇಲ್‌ಸೇಫ್ ಹೊಂದಿಸಿ, ಟ್ರಾನ್ಸ್‌ಮಿಟರ್ ಆಫ್ ಮಾಡಿ ಕಣ್ಣಾರೆ ಪರೀಕ್ಷಿಸಬೇಕು. ಹಣ ಉಳಿಸಬಾರದ ಜಾಗ ಇದು. ಸರ್ವೊಗಳಿಗೂ ಇದೇ ಮಾತು. ದೈತ್ಯ ಮಾದರಿಗೆ ಲೋಹದ ಗೇರಿನ, ಒಂದು ಸೆಂಟಿಮೀಟರ್ ತೋಳಿನ ತುದಿಯಲ್ಲಿ ಹತ್ತು ಕಿಲೋಗಿಂತ ಹೆಚ್ಚು ಬಲ ಕೊಡುವ ಸರ್ವೊ ಬೇಕು. ಎಂಜಿನ್ನಿಗೆ ದುಡ್ಡು ಸುರಿದು ಸರ್ವೊದಲ್ಲಿ ಉಳಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಎಂಜಿನ್ ನಿಂತರೆ ವಿಮಾನ ತೇಲಿಕೊಂಡು ಇಳಿಯಬಲ್ಲದು. ಮೂಗನ್ನು ಏರಿಸಿ ಇಳಿಸುವ ಎಲಿವೇಟರ್ ಪಟ್ಟಿಯ ಸರ್ವೊ ನಿಂತರೆ ಇಳಿಸುವ ದಾರಿಯೇ ಇಲ್ಲ. ಪಟ್ಟಿಗಳ ಕೀಲಿನಲ್ಲಿ, ಕಡ್ಡಿಯ ಜೋಡಣೆಯಲ್ಲಿ ಸಡಿಲು ಇದ್ದರೆ ವೇಗ ಹೆಚ್ಚಿದಾಗ ಅವು ಪಟಪಟ ಬಡಿದುಕೊಳ್ಳಲು ಶುರುಮಾಡುತ್ತವೆ. ಫ್ಲಟ್ಟರ್ ಎಂಬ ಈ ಬಡಿತ ಕ್ಷಣಾರ್ಧದಲ್ಲಿ ಬಾಲವನ್ನೇ ಕಿತ್ತುಹಾಕಬಲ್ಲದು.

ಎಲ್ಲ ಕೂಡಿಸಿದ ಮೇಲೆ ತೂಕದ ಸಮತೋಲ. ರೆಕ್ಕೆಯ ಮುಂದಿನ ಅಂಚಿನಿಂದ ಅಳೆದರೆ, ಅದರ ಅಗಲದ ಕಾಲುಭಾಗ ಮತ್ತು ಮೂರನೆಯ ಒಂದು ಭಾಗದ ನಡುವೆ, ನಕಾಶೆ ಹೇಳಿದ ಜಾಗದಲ್ಲಿ ಬೆರಳಿಟ್ಟು ಎತ್ತಿದರೆ ವಿಮಾನ ಮಟ್ಟವಾಗಿ ನಿಲ್ಲಬೇಕು. ಮೂಗು ತುಸು ಭಾರವಾದರೆ ಹಾರಾಟ ಜಡವಾದೀತು, ಅಷ್ಟೇ. ಬಾಲ ಭಾರವಾದರೆ ಮೊದಲ ಹಾರಾಟವೇ ಕೊನೆಯದು. ಅದಕ್ಕೇ ಬಲ್ಲವರು ಬ್ಯಾಟರಿಗಳಿಗೆ ಮೊದಲೇ ಜಾಗ ಗೊತ್ತುಮಾಡುವುದಿಲ್ಲ; ಕೊನೆಯಲ್ಲಿ ಅವನ್ನು ಹಿಂದೆ ಮುಂದೆ ಸರಿಸಿ ಸಮತೋಲ ತರುತ್ತಾರೆ. ಸೀಸ ಕಟ್ಟಿ ತೂಕ ಹೆಚ್ಚಿಸುವುದು ಬೇರೆ ದಾರಿ ಇಲ್ಲದಾಗ ಮಾತ್ರ.

ನಮ್ಮ ಸೀಮೆಗೆ ವಿಶೇಷವಾಗಿ ಎರಡು ಮಾತು ಸೇರಿಸಬೇಕು. ಒಂದು ಬಿಸಿಲು. ಸಮುದ್ರಮಟ್ಟದಿಂದ 400 ಮೀಟರ್ ಆಸುಪಾಸಿನಲ್ಲಿರುವ ಈ ನೆಲದಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ 42 ಡಿಗ್ರಿ ಮುಟ್ಟಿದ ಮಧ್ಯಾಹ್ನ ಗಾಳಿಯ ಸಾಂದ್ರತೆ, ಎಂಜಿನ್ ಲೆಕ್ಕಗಳಲ್ಲಿ ಬಳಸುವ ಪ್ರಮಾಣಿತ ಗಾಳಿಗಿಂತ ಸುಮಾರು ಶೇ 13ರಷ್ಟು ಕಡಿಮೆ. ಎಂಜಿನ್ನಿನ ಕಸುವೂ ರೆಕ್ಕೆಯ ಎತ್ತುವ ಬಲವೂ ಅಷ್ಟೇ ಇಳಿಯುತ್ತವೆ, ಓಟದ ಹಾದಿ ಉದ್ದವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಅಂದದ ಮುಸುಕಿನೊಳಗೆ ಮುಚ್ಚಿಟ್ಟ ಎಂಜಿನ್ ಬೇಯುತ್ತದೆ. ಮುಂದಿನಿಂದ ಬಂದ ಗಾಳಿ ಸಿಲಿಂಡರಿನ ಫಿನ್ನುಗಳ ನಡುವೆಯೇ ಹಾಯುವಂತೆ ಒಳಗೆ ತೆಳು ಗೋಡೆ ಕಟ್ಟಬೇಕು, ಗಾಳಿ ಹೊರಹೋಗುವ ಕಿಂಡಿ ಒಳಬರುವ ಕಿಂಡಿಯ ಎರಡು ಪಟ್ಟಿಗಿಂತ ದೊಡ್ಡದಿರಬೇಕು. ತಂಪು ದೇಶದ ನಕಾಶೆಯಲ್ಲಿ ಬೇಕಾದರೆ ಇರಲಿ ಎಂದು ಬರೆದದ್ದು ನಮ್ಮ ರಾಯಚೂರು ಜಿಲ್ಲೆಯಲ್ಲಿ ಕಡ್ಡಾಯ.

ಇನ್ನೊಂದು, ಪೆಟ್ರೋಲು. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯ ತೇವ ಹೀರುತ್ತದೆ, ಕಾರ್ಬೊರೇಟರಿನ ರಬ್ಬರ್ ಡಯಾಫ್ರಾಮು ಬೇಗ ಬಿರುಸಾಗುತ್ತದೆ. ಹಾರಾಟ ಮುಗಿದ ದಿನವೇ ಟ್ಯಾಂಕು ಬರಿದು ಮಾಡಿ, ಕಾರ್ಬೊರೇಟರಿನಲ್ಲಿ ಉಳಿದದ್ದು ತೀರುವ ತನಕ ಎಂಜಿನ್ ಓಡಿಸಿ ನಿಲ್ಲಿಸಬೇಕು. ಹಂಗಾಮು ಮುಗಿದ ಮೇಲೆ ಎಣ್ಣೆ ಪಂಪನ್ನು ಪೆಟ್ರೋಲ್ ಸಮೇತ ಮೂಲೆಗೆ ಇಟ್ಟರೆ ಮುಂದಿನ ಬೆಳೆಗೆ ಅದು ಶುರುವಾಗದಿರುವುದು ಇದೇ ಕಾರಣಕ್ಕೆ. ಹೊಸ ಎಂಜಿನ್ನಿಗೆ ಮೊದಲ ಕೆಲವು ಟ್ಯಾಂಕುಗಳನ್ನು ತಯಾರಕರು ಹೇಳಿದಷ್ಟೇ, ಸಾಮಾನ್ಯವಾಗಿ 30ಕ್ಕೆ 1ರಂತೆ, ಆಯಿಲ್ ಬೆರೆಸಿ ಹದವಾಗಿ ಓಡಿಸಬೇಕು. ಶುರುಮಾಡುವಾಗ ಒಬ್ಬರು ಬಾಲ ಗಟ್ಟಿಯಾಗಿ ಹಿಡಿದಿರಲಿ, ಪ್ರೊಪೆಲ್ಲರ್ ತಿರುವುವವರ ಕೈಗೆ ದಪ್ಪ ಗ್ಲೌಸ್ ಇರಲಿ, ಶುರುವಾದ ಮೇಲೆ ಎಲ್ಲರೂ ಪ್ರೊಪೆಲ್ಲರಿನ ಹಿಂದಕ್ಕೆ ಬರಲಿ.

ಇಷ್ಟೆಲ್ಲ ಜಾಗ್ರತೆಯಿಂದ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಮೇನಾರ್ಡ್ ಹಿಲ್ ಸಾಕ್ಷಿ. 2003ರ ಆಗಸ್ಟಿನಲ್ಲಿ, 77ರ ವಯಸ್ಸಿನಲ್ಲಿ, ದೃಷ್ಟಿ ಬಹುಪಾಲು ಹೋಗಿದ್ದರೂ ಅವರು ತಂಡ ಕಟ್ಟಿಕೊಂಡು ಬಾಲ್ಸಾದ ಮಾದರಿ ವಿಮಾನವೊಂದನ್ನು ಅಟ್ಲಾಂಟಿಕ್ ದಾಟಿಸಿದರು. ಇಂಧನ ತುಂಬಿದಾಗಲೂ ಅದರ ತೂಕ ಐದು ಕಿಲೋದೊಳಗೆ. ಸುಮಾರು 39 ಗಂಟೆ, ಮೂರು ಸಾವಿರ ಕಿಲೋಮೀಟರ್ ಹಾರಿ ಕೆನಡಾದ ನ್ಯೂಫೌಂಡ್‌ಲ್ಯಾಂಡಿನಿಂದ ಐರ್ಲೆಂಡಿಗೆ ಹೋಗಿ ಇಳಿಯಿತು. 10 ಸಿಸಿಯ ಎಂಜಿನ್ನಿಗೆ ಅವರು ಹಾಕಿದ್ದು ಕ್ಯಾಂಪ್ ದೀಪಕ್ಕೆ ಬಳಸುವ ಶುದ್ಧ ಇಂಧನ. ಪುಟ್ಟ ಎಂಜಿನ್ನಿನ ಕಾರ್ಬೊರೇಟರನ್ನು ತಿದ್ದಿ ತೀಡಿ ಹನಿ ಹನಿ ಇಂಧನ ಉಳಿಸಿದ್ದೇ ಆ ಸಾಧನೆಯ ಮರ್ಮ. ಅಂದರೆ ಮೆಕ್ಯಾನಿಕ್ಕಿನ ಕೆಲಸ.

ನಮ್ಮ ರಾಜ್ಯಕ್ಕೂ ಪೈಲಟ್ ಇಲ್ಲದ ವಿಮಾನಗಳು ಹೊಸತಲ್ಲ. ಬೆಂಗಳೂರಿನ ಎಡಿಇ (ಏರೋನಾಟಿಕಲ್ ಡೆವಲಪ್‌ಮೆಂಟ್ ಎಸ್ಟಾಬ್ಲಿಷ್‌ಮೆಂಟ್) ಪ್ರಯೋಗಾಲಯ ‘ಲಕ್ಷ್ಯ’, ‘ನಿಶಾಂತ್’ ರೂಪಿಸಿತು. ‘ರುಸ್ತುಂ-2’ 2016ರ ನವೆಂಬರಿನಲ್ಲಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಿಂದ ಹಾರಿತು. ಗಾತ್ರ ಬೇರೆಯಾದರೂ ಅಲ್ಲಿಯ ಎಂಜಿನಿಯರುಗಳು ತಲೆಕೆಡಿಸಿಕೊಳ್ಳುವುದು ಇದೇ ಸಂಗತಿಗಳಿಗೆ: ಸಮತೋಲ, ನಡುಕ, ರೇಡಿಯೊ ಸಂಪರ್ಕ, ಇಂಧನದ ಹರಿವು. 2023ರ ಕೊನೆಗೆ ಬಂದ ‘ನಮೋ ಡ್ರೋನ್ ದೀದಿ’ ಯೋಜನೆ ದೇಶದ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಸಿಂಪಡಣೆ ಡ್ರೋನ್ ಕೊಡುವ ಗುರಿ ಇಟ್ಟುಕೊಂಡಿತು. ಭತ್ತದ ಸೀಮೆಯಲ್ಲಿ ಡ್ರೋನು ಹೆಚ್ಚಿದಷ್ಟೂ ಅದನ್ನು ಬಿಚ್ಚಿ ಜೋಡಿಸಬಲ್ಲವರು ಇಲ್ಲೇ ಬೇಕಾಗುತ್ತಾರೆ. 2022ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ವಿದೇಶಿ ಸಿದ್ಧ ಡ್ರೋನುಗಳ ಆಮದನ್ನು ನಿಷೇಧಿಸಿ, ಬಿಡಿಭಾಗಗಳಿಗೆ ಮಾತ್ರ ಅವಕಾಶ ಉಳಿಸಿತು. ಕಟ್ಟಬಲ್ಲ ಕೈಗೆ ಇದು ಅನುಕೂಲದ ಕಾಲ.

ಎಲ್ಲಿ ಹಾರಿಸುವುದು? ನೀರು ನಿಂತ ಗದ್ದೆ, ಕಾಲುವೆ, ಕರೆಂಟಿನ ತಂತಿಗಳ ನಡುವೆ ಸಿಂಧನೂರಿನ ಸುತ್ತ ಜಾಗ ಸಿಗುವುದು ಕಷ್ಟ. ಮಸ್ಕಿ, ಲಿಂಗಸುಗೂರಿನ ಕಡೆ ತೊಗರಿ, ಜೋಳ ಎತ್ತಿದ ಮೇಲೆ ಬಯಲಾಗುವ ಒಣ ಹೊಲ ಹೆಚ್ಚು ಅನುಕೂಲ. ನೂರು ಮೀಟರ್ ಮಟ್ಟದ ನೆಲ, ಸುತ್ತ ಜನವಸತಿ ಇಲ್ಲದಿರುವುದು, ಹೊಲದವರ ಒಪ್ಪಿಗೆ ಮುಖ್ಯ. ಅಶೋಕನ ಹೆಸರು ಹೇಳುವ ಶಾಸನ 1915ರಲ್ಲಿ ಸಿಕ್ಕ ಮಸ್ಕಿಯ ಗುಡ್ಡದ ಹತ್ತಿರ, ಮುದಗಲ್ ಕೋಟೆಯ ಹತ್ತಿರ ಬೇಡ. ಅವು ಸಂರಕ್ಷಿತ ಸ್ಮಾರಕಗಳು. ಮೇಲಾಗಿ ಗುಡ್ಡದ ಮರೆಯಲ್ಲಿ ಗಾಳಿ ಸುಳಿಗಟ್ಟುತ್ತದೆ. ಬೆಳಗಿನ ಏಳರೊಳಗೆ ಗಾಳಿ ಶಾಂತ, ಎಂಜಿನ್ನಿಗೂ ತಂಪು.

ಕಾನೂನನ್ನೂ ತಿಳಿದಿರಬೇಕು. 2021ರ ಡ್ರೋನ್ ನಿಯಮಗಳು ಶಿಕ್ಷಣ, ಸಂಶೋಧನೆ, ಹವ್ಯಾಸಕ್ಕಾಗಿ ಕಣ್ಣಳತೆಯೊಳಗೇ ಹಾರಿಸುವ 25 ಕಿಲೋದೊಳಗಿನ ವಿಮಾನವನ್ನು ‘ಮಾದರಿ’ ಎಂದು ಗುರುತಿಸಿ ಟೈಪ್ ಸರ್ಟಿಫಿಕೇಟಿನಿಂದ ವಿನಾಯಿತಿ ಕೊಟ್ಟಿವೆ. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಹೊಲ ಹಸಿರು ವಲಯದಲ್ಲಿದೆಯೇ ನೋಡಬೇಕು. ಅಲ್ಲಿಯೂ ಅನುಮತಿ ಇಲ್ಲದೆ 400 ಅಡಿಯ ಮೇಲೆ ಹೋಗುವಂತಿಲ್ಲ. ನೋಂದಣಿ, ವಿಮೆಯ ನಿಯಮಗಳನ್ನು ಹಾರಿಸುವ ಮುನ್ನ ಓದಿ ಪಾಲಿಸಬೇಕು.

ಇದನ್ನು ಓದಿ ಉತ್ಸಾಹ ಬಂದ ಹುಡುಗ-ಹುಡುಗಿಯರಿಗೆ ನನ್ನ ಮಾತು: 55 ಸಿಸಿಯಿಂದ ಶುರುಮಾಡಬೇಡಿ. ಮೊದಲು ಕಂಪ್ಯೂಟರಿನ ಸಿಮ್ಯುಲೇಟರ್, ನಂತರ ಒಂದು ಕಿಲೋದ ಫೋಮಿನ ಬ್ಯಾಟರಿ ವಿಮಾನ, ಆಮೇಲೆ 20 ಸಿಸಿ. ಒಬ್ಬರೇ ಮಾಡಬೇಡಿ, ಬಡಗಿಯೊಬ್ಬ, ಮೆಕ್ಯಾನಿಕ್ ಒಬ್ಬ, ಎಲೆಕ್ಟ್ರಾನಿಕ್ಸ್ ಬಲ್ಲವನೊಬ್ಬ ಕೂಡಿದರೆ ಕೆಲಸ ಸಲೀಸು. ಇನ್ನು ಮೂರೂ ತಾಲ್ಲೂಕುಗಳ ಐಟಿಐ, ಪಾಲಿಟೆಕ್ನಿಕ್, ಕಾಲೇಜುಗಳ ಮುಖ್ಯಸ್ಥರಲ್ಲಿ ಒಂದು ವಿನಂತಿ. ಎನ್‌ಸಿಸಿಯ ವಾಯು ವಿಭಾಗದಲ್ಲಿ ಏರೋಮಾಡೆಲಿಂಗ್ ತರಬೇತಿಯ ಭಾಗವೇ ಆಗಿದೆ, ಆದರೆ ಆ ಅವಕಾಶ ದೊಡ್ಡ ಊರಿನ ಮಕ್ಕಳಿಗೇ ಹೆಚ್ಚು. ಮುಂದಿನ ವರ್ಷದ ಪ್ರಾಜೆಕ್ಟಿಗೆ ಪುಸ್ತಕದಿಂದ ನಕಲಿಸುವ ಇನ್ನೊಂದು ವರದಿಯ ಬದಲು ಒಂದು ಪೆಟ್ರೋಲ್ ವಿಮಾನ ಕಟ್ಟಿಸಿ. ಎಣ್ಣೆ ಪಂಪು ರಿಪೇರಿ ಮಾಡುವ ಹಿರಿಯ ಮೆಕ್ಯಾನಿಕ್ಕನ್ನು ಗೌರವದಿಂದ ಕರೆದು ವರ್ಕ್‌ಶಾಪಿನಲ್ಲಿ ಗುರುವಿನ ಸ್ಥಾನ ಕೊಡಿ. ಎಂಜಿನ್ನಿನ ಪಾಠವನ್ನು ಅವರಿಗಿಂತ ಚೆನ್ನಾಗಿ ಹೇಳಿಕೊಡುವವರು ಈ ಭಾಗದಲ್ಲಿ ಸಿಗುವುದಿಲ್ಲ.